ಸಾಂಬಾರು ಕಹಿಯಾದ ದಿನ

ಮೂಡುಬಿದಿರೆಯ ಕಾಲೇಜೊಂದರ ಎಸಿ ಹಾಲಿನಲ್ಲಿ ನಮ್ಮನ್ನು, ಅಂದರೆ ಸುತ್ತಲಿನ ತಾಲೂಕುಗಳ ಸರಕಾರಿ ಶಾಲೆಗಳ ಮುಖ್ಯ ಶಿಕ್ಷಕರನ್ನು, ತರಬೇತಿಗೆಂದು ಕೂರಿಸಿದ್ದರು. ಪರದೆಯ ಮೇಲೆ ಬೇರೆ ಬೇರೆ ದೇಶದ ಪ್ರಿನ್ಸಿಪಾಲರು ತಮ್ಮ ಕೆಲಸವೇನೆಂದು ಹೇಳುತ್ತಿದ್ದರು. ಶಾಲೆಗೆ ಇನ್ನೊಬ್ಬ ಮಾಸ್ತರನ್ನು ಕೊಡಲಾಗದವರು ನಮಗೆ ಲೋಕ ತೋರಿಸುತ್ತಿದ್ದರು. ಶಿಕ್ಷಕರನ್ನು ನಂಬಿ ದೂರ ನಿಲ್ಲುವುದೇ ನನ್ನ ಕೆಲಸ ಎಂದರು ಫಿನ್ಲೆಂಡಿನವರು. ಫಲಿತಾಂಶಕ್ಕೆ ನಾನೇ ಜವಾಬ್ದಾರ ಎಂದರು ಇಂಗ್ಲೆಂಡಿನವರು. ಜಪಾನಿನ ಹೆಂಗಸೊಬ್ಬರು, ಮಕ್ಕಳ ಊಟವನ್ನು ಮೊದಲು ನಾನು ತಿಂದು ನೋಡುತ್ತೇನೆ, ಆಮೇಲೆ ಬಡಿಸುತ್ತಾರೆ ಎಂದಾಗ ಮಾತ್ರ ಖುಷಿಯಾಯಿತು. ಬಿಸಿಯೂಟದ ರುಚಿ ಮೊದಲು ನೋಡುವುದು ನಮ್ಮಲ್ಲೂ ದೊಡ್ಡವರೇ.

ಪಕ್ಕದಲ್ಲಿದ್ದ ಬಂಟ್ವಾಳದ ಹೆಡ್‌ಮಾಸ್ಟರು, "ನಮ್ಮ ಕೆಲಸ ಎಂತ ಅಂತ ಕೇಳಿದ್ರೆ ಎಂತ ಹೇಳುದು ಮೇಡಂ? ಮಕ್ಕಳನ್ನು ಹುಡುಕಿ ತರುದು" ಎಂದು ನಕ್ಕರು. ನಾನು ನಗಲಿಲ್ಲ. ಬೆಳ್ತಂಗಡಿ ಕಡೆಯ ನನ್ನ ಶಾಲೆಗೆ ಬೇಸಿಗೆಯಿಡೀ ಮನೆ ಮನೆ ತಿರುಗಿ, ಅಂಗಲಾಚಿ ಮಕ್ಕಳನ್ನು ಸೇರಿಸಿದ್ದೆ. ಇನ್ನು ಕೆಲವರು ಬಿಟ್ಟರೂ ಶಾಲೆಗೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು.

ಊಟದ ಹೊತ್ತಿಗೆ, ಶಾಲೆಯಲ್ಲಿ ಒಬ್ಬಳೇ ಉಳಿದಿದ್ದ ಅತಿಥಿ ಶಿಕ್ಷಕಿಯ ಫೋನ್ ಬಂತು.

"ಮೇಡಂ, ಸಾಂಬಾರು ಎಂತದೋ ಕಹಿ ಉಂಟು. ಮಕ್ಕಳು ಬಟ್ಟಲು ಹಿಡ್ಕೊಂಡು ಕೂತಾಗಿದೆ. ಎಂತ ಮಾಡ್ಲಿ?"

"ಚೆಲ್ಲಿ. ಒಂದು ಹನಿ ಬಡಿಸ್ಬೇಡಿ. ಹತ್ತಿರದ ಮನೆಯಿಂದ ಮಜ್ಜಿಗೆ ತರ್ಸಿ."

ವಿಷವೂ ಇರಲಿಲ್ಲ, ಹಲ್ಲಿಯೂ ಬಿದ್ದಿರಲಿಲ್ಲ. ಹಿತ್ತಲಲ್ಲಿ ಬೆಳೆದ ತರಕಾರಿಯನ್ನು ಶಾಲೆಗೆ ಕೊಡುವುದು ನಮ್ಮ ಊರಿನ ವಾಡಿಕೆ. ಯಾರೋ ಪ್ರೀತಿಯಿಂದ ಕೊಟ್ಟ ಸೌತೆಕಾಯಿಗಳಲ್ಲಿ ಒಂದು ಕಹಿಯಿತ್ತೆಂದು, ಉಳಿದ ಚೂರನ್ನು ತಿಂದು ನೋಡಿದ ಮೇಲೆ ತಿಳಿಯಿತು. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುವುದು ಎಲ್ಲ ಮನೆಯಲ್ಲೂ ಉಂಟು. ಅಡುಗೆಯಾಕೆ ಅಂದು ಗಡಿಬಿಡಿಯಲ್ಲಿ ನೋಡಲಿಲ್ಲ, ಅಷ್ಟೇ. ಆದರೆ ನಾನು ಬಸ್ಸಿಳಿಯುವ ಮೊದಲೇ, ಶಾಲೆಯ ಊಟದಲ್ಲಿ ವಿಷ ಎಂಬ ಸುದ್ದಿ ವಾಟ್ಸಾಪಿನಲ್ಲಿ ಊರಿಡೀ ಸುತ್ತಿ ಆಗಿತ್ತು. ತಾಯಂದಿರು ಅಂಗಳದಲ್ಲಿ ನಿಂತಿದ್ದರು. ಸೌತೆಕಾಯಿ ಎಂದರೆ ಯಾರು ಕೇಳುತ್ತಾರೆ?

"ಏನೂ ಇಲ್ಲದಿದ್ರೆ ಚೆಲ್ಲಿದ್ದು ಯಾಕೆ ಮೇಡಂ?" ಎಂದಳು ಒಬ್ಬಳು.

"ಯಾಕೆ ಕಹಿ ಅಂತ ಆಗ ಗೊತ್ತಿರ್ಲಿಲ್ಲ, ಅದಕ್ಕೆ" ಎಂದೆ.

ಸತ್ಯ ಹೇಳಿದ್ದೇ ಮುಳುವಾಯಿತು. ಮುಂದಿನ ವಾರದಿಂದ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ನಮ್ಮ ಗೇಟಿನೆದುರೇ ನಿಂತು ನಮ್ಮ ಮಕ್ಕಳನ್ನು ಹತ್ತಿಸಿಕೊಳ್ಳತೊಡಗಿತು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ಅದೇ ಫೋನ್ ಬಂದರೂ ಚೆಲ್ಲಿ ಎಂದೇ ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಯಾರ ಮಗುವಿಗೆ ತಿನ್ನಿಸಿ ಪರೀಕ್ಷೆ ಮಾಡಬೇಕಿತ್ತು ನಾನು?

ಶಾಲೆ ಮುಚ್ಚುವ ಆದೇಶ ಬಂತು. ನನ್ನನ್ನು ಬೇರೆ ಶಾಲೆಗೆ ಹಾಕಿದರು, ಸಂಬಳಕ್ಕೇನೂ ತೊಂದರೆಯಿಲ್ಲ. ಕೊನೆಯ ದಿನ ಅಡುಗೆಯಾಕೆ ಪಾತ್ರೆಗಳನ್ನೆಲ್ಲ ತಿಕ್ಕಿ, ಬಿಸಿಲಿಗೆ ಕವುಚಿ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ನಾಳೆಯಿಂದ ನಾನು ಎಲ್ಲಿಗೆ ಬರ್ಬೇಕು ಮೇಡಂ?"

ಶಾಲೆಯ ಜೊತೆಗೆ ತನ್ನ ಕೆಲಸವೂ ಹೋಯಿತೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೆಡ್‌ಮೇಡಂ ಹೇಳುತ್ತಾರೆ ಎಂದು ಎಲ್ಲರೂ ಬಿಟ್ಟಿದ್ದರು.