ಡಿಕಾಕ್ಷನ್ ಬಣ್ಣದ ಮೂತ್ರ

ತರಬೇತಿಯ ಮೂರನೆಯ ದಿನ ಬೆಳಿಗ್ಗೆ ನನ್ನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬಂತು.

ಹೇಸಿಗೆಯಾಯಿತು. ನೀರು ಸುರಿದೆ. ಯಾರಿಗೂ ಹೇಳಲಿಲ್ಲ.

ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಆಯ್ಕೆಯಾಗಿದ್ದೆ. ಕಾಡಿನ ಬೆಂಕಿ ಆರಿಸುವ ತರಬೇತಿಗೆ ಹೇರೋಹಳ್ಳಿಯ ಮನೆಯಿಂದಲೇ ಹೋಗಿಬರುತ್ತಿದ್ದೆ. ಹಿಂದಿನ ದಿನ, ಜ್ವರ ಬಿಟ್ಟು ವಾರವೂ ಆಗಿರದ ಮೈಯಲ್ಲಿ, ನೀರು ತುಂಬಿದ ಪಂಪನ್ನು ಬೆನ್ನಿಗೇರಿಸಿಕೊಂಡು ಉರಿಬಿಸಿಲಲ್ಲಿ ಆರು ಸಲ ಗುಡ್ಡ ಹತ್ತಿದ್ದೆ. ಐದನೆಯ ಸಲಕ್ಕೇ ತೊಡೆಗಳು ಕಲ್ಲಾಗಿದ್ದವು.

"ಕಾಲು ಬರ್ತಿಲ್ಲ ಸಾರ್."

"ಬೆಂಕಿ ನಿನ್ನ ಕಾಲು ಕೇಳಲ್ಲಮ್ಮ. ಇನ್ನೊಂದ್ಸಲ," ಎಂದರು ತರಬೇತುದಾರರು, ನೆರಳಲ್ಲಿ ನಿಂತು.

ಗಂಡಸರೆಲ್ಲ ನೋಡುತ್ತಿದ್ದರು. ನಾನು ನಕ್ಕು ಹತ್ತಿದೆ. ಆ ನಗು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಅತ್ತಿಗೆ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ನಾನು ಗೋಡೆ ಹಿಡಿದು ನಡೆಯುವುದನ್ನು ಕಂಡು ಮೂತ್ರದ ಬಣ್ಣ ಕೇಳಿದರು. ಹೇಳಿದೆ.

"ಉಷ್ಣ ಅತ್ತಿಗೆ. ಎಳನೀರು ಕುಡಿದ್ರೆ ಸರಿಹೋಗುತ್ತೆ."

ಅವರು ತೊಡೆ ಒತ್ತಿದರು. ನಾನು ಚೀರಿದೆ. "ಎಳನೀರು ಬೇಡ. ಆಟೋ ಹತ್ತು."

ಆಸ್ಪತ್ರೆಯಲ್ಲಿ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ ಹೇಳಿದರು: "ರಾಬ್ಡೊಮಯೊಲಿಸಿಸ್. ಅತಿಯಾದ ಶ್ರಮಕ್ಕೆ ಸ್ನಾಯು ಒಡೆದು ರಕ್ತಕ್ಕೆ ಸೇರ್ತಿದೆ. ಕಿಡ್ನಿ ಸೋಸೋಕಾಗದೆ ಒದ್ದಾಡ್ತಿದೆ. ಪೊಟ್ಯಾಸಿಯಂ ಆಗ್ಲೇ ಜಾಸ್ತಿ ಇದೆ. ಎಳನೀರಲ್ಲೂ ಅದೇ ತುಂಬಿರುತ್ತೆ, ಕುಡಿದಿದ್ರೆ ಹೃದಯಕ್ಕೇ ತೊಂದರೆ."

ಇನ್ನೂ ತಡವಾಗಿದ್ದರೆ ಡಯಾಲಿಸಿಸ್.

ಐದು ದಿನ ಡ್ರಿಪ್, ಮೂತ್ರಕ್ಕೆ ಕ್ಯಾಥೆಟರ್. ಮಂಚದ ಪಕ್ಕ ನೇತಾಡುವ ಚೀಲದಲ್ಲಿ ನನ್ನದೇ ಮಾಂಸ ಕಂದು ನೀರಾಗಿ ತುಂಬುತ್ತಿತ್ತು. ಊದಿದ ತೊಡೆಗಳನ್ನು ಯಾರೋ ಒರೆಸುವಾಗ, ಆ ವಾಸನೆಗೆ ಮುಖ ತಿರುಗಿಸುತ್ತಿದ್ದೆ. ಮೈ ಗುಡ್ಡದ ಮೇಲೆಯೇ ಸಾಕು ಎಂದಿತ್ತು. ಕೇಳದೆ ಹೋದವರಲ್ಲಿ ಮೊದಲನೆಯವಳು ನಾನೇ.

ಆಸ್ಪತ್ರೆ ಸೇರಿದ ಮೂರನೆಯ ದಿನ ನಮ್ಮ ತರಬೇತಿ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ, ಮೂತ್ರದ ಬಣ್ಣವನ್ನೂ ಬಿಡದೆ. ತರಬೇತುದಾರರ ಉತ್ತರ ಬಂತು: "ಹೆಣ್ಮಕ್ಕಳು ಇಂಥದ್ದೆಲ್ಲ ಇಲ್ಲಿ ಹಾಕ್ಬಾರ್ದಮ್ಮ."

ಅಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಜೊತೆಯವನೊಬ್ಬ ಫೋನ್ ಮಾಡಿದ. "ಅಕ್ಕಾ, ನಂಗೂ ನಿನ್ನೆಯಿಂದ ಹಂಗೇ ಬರ್ತಿದೆ," ಎಂದು ಪಿಸುಗುಟ್ಟಿದ. ಸಂಜೆಯೊಳಗೆ ಅವನೂ ಅಡ್ಮಿಟ್ ಆದ. ಅವನ ಕಿಡ್ನಿಯೂ ಉಳಿಯಿತು.

ಗುಡ್ಡ ಹತ್ತಲು ಇನ್ನೂ ತಿಂಗಳುಗಳು ಬೇಕಂತೆ. ನಿನ್ನೆ ಅತ್ತಿಗೆಯ ಜೊತೆ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯಲು ಹೋಗಿದ್ದೆ. ಅರ್ಧ ಸುತ್ತಿಗೆ ತೊಡೆ ಬಿಗಿಯಿತು.

"ಇಷ್ಟೇ ಅತ್ತಿಗೆ. ಇನ್ನಾಗಲ್ಲ."

ಅವರು ಕಲ್ಲುಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು.