ಇಪ್ಪತ್ತು ಹೆಜ್ಜೆ ಹಿಂದೆ

ಗ್ಯಾಟ್ವಿಕ್ ವಿಮಾನ ನಿಲ್ದಾಣಕ್ಕೆ ಹೊರಟ ದಿನ ವಸಂತಿಯವರು ಹೊಸ ಕಾರ್ಡಿಗನ್ ಹಾಕಿಕೊಂಡಿದ್ದರು. ಐವತ್ತೊಂಬತ್ತು ವರ್ಷಗಳಲ್ಲಿ ಅವರು ಬಾಳಿದ್ದು ಎರಡೇ ಊರುಗಳಲ್ಲಿ, ಕುಂದಾಪುರ ಮತ್ತು ಲಂಡನ್. ಸುಮ್ಮನೆ ನೋಡಿಕೊಂಡು ಬರಲೆಂದು ಒಂದು ಊರಿಗೆ ಹೋಗುತ್ತಿರುವುದು ಇದೇ ಮೊದಲು. ಆದರೆ ಅವರ ಸಂತೋಷ ಊರು ನೋಡುವುದಕ್ಕಲ್ಲ. ಅವರು ನೋಡಿಕೊಳ್ಳುವ ಪುಟ್ಟ ಹುಡುಗಿ, ಇಂದು ಎಂಬವಳು, ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರುತ್ತಾಳೆ. ಆಮೇಲೂ ಆ ಮನೆಯವರು ತನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರು ಚಳಿಗಾಲವೆಲ್ಲ ಕಳೆದಿದ್ದರು. ನಾಲ್ಕು ದಿನದ ಸ್ಪೇನ್ ಪ್ರವಾಸಕ್ಕೂ ಕರೆಯುತ್ತಾರೆಂದರೆ ಬಿಡುವುದಿಲ್ಲವೆಂದೇ ಅರ್ಥ ಎಂದುಕೊಂಡರು.

ಇಂದುವಿಗೆ ಒಂಬತ್ತು ತಿಂಗಳಿದ್ದಾಗಿನಿಂದ ಅವಳನ್ನು ನೋಡಿಕೊಂಡವರು ವಸಂತಿಯವರು. ತಾಯಿ ತೃಪ್ತಿ ಇನ್ಶೂರೆನ್ಸ್ ಕಂಪನಿಯಲ್ಲಿ, ತಂದೆ ಶಿಶಿರ್ ಆರ್ಕಿಟೆಕ್ಟ್. ಇಬ್ಬರೂ ಬೆಂಗಳೂರಿನವರು, ಇಬ್ಬರಿಗೂ ಕೆಲಸ ಮುಗಿಯುವ ಹೊತ್ತೆಂಬುದಿಲ್ಲ. ವಸಂತಿಯವರು ದಿನಾ ಬೆಳಗ್ಗೆ ರೇನರ್ಸ್ ಲೇನಿನಲ್ಲಿ ಟ್ಯೂಬ್ ಹತ್ತಿ, ವೆಂಬ್ಲಿ ಪಾರ್ಕಿನಲ್ಲಿ ಬದಲಿಸಿ, ಏಳೂವರೆಗೆ ಕಿಂಗ್ಸ್‌ಬರಿಯ ಆ ಮನೆಯ ಬಾಗಿಲಲ್ಲಿರುತ್ತಿದ್ದರು. ಮಗು ಮೊದಲು ನಡೆದದ್ದು ಅವರ ಕಡೆಗೆ. ಮೊದಲು ಮಾತಾಡಿದ್ದು ಅವರ ಮಾತು. ಅಲ್ಲಿನ ಬೇರೆ ಕನ್ನಡಿಗರ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗ ಇಂದು ಮಾತ್ರ ಅಪ್ಪಟ ಕುಂದಾಪುರ ಕನ್ನಡದಲ್ಲಿ 'ನಂಗ್ ಬ್ಯಾಡ' ಅನ್ನುತ್ತಿದ್ದಳು. ಗಣೇಶ ಹಬ್ಬದ ಸಭೆಯಲ್ಲಿ ಜನ ಅದನ್ನು ಕೇಳಿ ನಕ್ಕು, ಇದನ್ನು ಹೇಳಿಕೊಟ್ಟವರು ಯಾರು ಎಂದು ತೃಪ್ತಿಯನ್ನೇ ಕೇಳಿದ್ದರು. ಮಗು ವಸಂತಿಯವರನ್ನು, ಕುಂದಾಪುರದಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, ಅಮ್ಮಮ್ಮ ಅನ್ನುತ್ತಿತ್ತು. ಆಂಟಿ ಅಂತ ಹೇಳಿಕೊಡಿ ಎಂದು ತೃಪ್ತಿ ಎರಡು ಸಲ ಹೇಳಿದ್ದಳು, ಮೂರನೆಯ ಸಲ ಹೇಳಲಿಲ್ಲ.

ವಸಂತಿಯವರಿಗೂ ಒಬ್ಬ ಮಗನಿದ್ದ, ದೀಕ್ಷಿತ್. ಗಂಡ ಪುರಂದರ ರೇನರ್ಸ್ ಲೇನಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಕೆಲಸಕ್ಕೆ ಬಂದಾಗ, ಎರಡೂವರೆ ವರ್ಷದ ದೀಕ್ಷಿತನನ್ನು ಬಸ್ರೂರಿನ ಅಕ್ಕನ ಮನೆಯಲ್ಲಿ ಬಿಟ್ಟು ಇವರೂ ಬಂದಿದ್ದರು. ಮಗು ಎದ್ದರೆ ಅಳುತ್ತದೆಂದು ಮಲಗಿದ್ದಾಗಲೇ ಹೊರಟಿದ್ದರು. ಅದಕ್ಕಿಂತ ಮೆತ್ತಗಿನ ದಾರಿ ಅವರಿಗೆ ತೋಚಿರಲಿಲ್ಲ. ಐದು ವರ್ಷ ಕಳೆದು ಅವನನ್ನು ಲಂಡನಿಗೆ ಕರೆಸಿಕೊಂಡಾಗ ಅವನು ತಾಯಿಯನ್ನು 'ನೀವು' ಎಂದು ಮಾತಾಡಿಸಿದ. ಈಗ ರೆಡಿಂಗ್‌ನಲ್ಲಿದ್ದಾನೆ. ಪುರಂದರ ತೀರಿಹೋಗಿ ಏಳು ವರ್ಷವಾಯಿತು. ಮಗ ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ, ಆರೋಗ್ಯ ವಿಚಾರಿಸುತ್ತಾನೆ, ಇವತ್ತಿಗೂ 'ನೀವು' ಅನ್ನುತ್ತಾನೆ.

ವಿಮಾನದಲ್ಲಿ ಮೂವರಿಗೂ ಒಂಬತ್ತನೆಯ ಸಾಲು, ವಸಂತಿಯವರಿಗೆ ಇಪ್ಪತ್ತೆರಡನೆಯದು. ಒಟ್ಟಿಗೆ ಸೀಟು ಸಿಗಲಿಲ್ಲ ಎಂದಳು ತೃಪ್ತಿ. ಹಾರಿ ಹತ್ತು ನಿಮಿಷಕ್ಕೆ ಇಂದು ಅಳಲು ಶುರುಮಾಡಿದಳು. ಇಪ್ಪತ್ತು ನಿಮಿಷಕ್ಕೆ ಶಿಶಿರ್ ಅವಳನ್ನು ಎತ್ತಿಕೊಂಡು ಹಿಂದೆ ಬಂದ. ಸ್ಪೇನಿನ ವೆಲೆನ್ಸಿಯಾ ಬರುವವರೆಗೆ ಮಗು ಹೊಸ ಕಾರ್ಡಿಗನ್ನಿನ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿತ್ತು. ಒಂಬತ್ತನೆಯ ಸಾಲಿನಲ್ಲಿ ತೃಪ್ತಿ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಬಾಡಿಗೆ ಫ್ಲ್ಯಾಟು ಮಾರುಕಟ್ಟೆಯ ಹತ್ತಿರ, ಮೂರನೆಯ ಮಹಡಿಯಲ್ಲಿತ್ತು. ಮೊದಲ ದಿನ ಇಂದು ತಾಯಿ ಕೊಟ್ಟ ತುತ್ತನ್ನು ಉಗುಳಿದಳು, ತಂದೆಯ ಹೆಗಲು ಬೇಡವೆಂದಳು, ವಸಂತಿಯವರ ಪಕ್ಕದಲ್ಲೇ ಮಲಗಿದಳು. ಎರಡನೆಯ ದಿನ ಬೆಳಗ್ಗೆ ತೃಪ್ತಿ ಒಂದು ನಿಯಮ ಮಾಡಿದಳು. ಇವತ್ತು ಆಂಟಿ ಮಗುವಿನ ಕಣ್ಣಿಗೆ ಬೀಳಬಾರದು. ಹಾಗೆಂದು ಫ್ಲ್ಯಾಟಿನಲ್ಲಿ ಉಳಿಯುವುದೂ ಬೇಡ, ಏನಾದರೂ ಬೇಕಾದರೆ ಹತ್ತಿರವಿರಬೇಕು. ಮಗುವಿನ ಚೀಲ ಹೊತ್ತುಕೊಂಡು ಹಿಂದಿನಿಂದ ಬಂದರೆ ಸಾಕು. ಎಷ್ಟು ಹಿಂದೆ ಎಂದು ವಸಂತಿಯವರು ಕೇಳಿದರು. ಶಿಶಿರ್ ಇದನ್ನೊಂದು ಆಟವೆಂದೇ ತಿಳಿದು ನಕ್ಕು, ಇಪ್ಪತ್ತು ಹೆಜ್ಜೆ ಇರಲಿ ಎಂದ.

ಹಾಗೆ ಅವರು ಆ ಊರು ಸುತ್ತಿದರು. ಮುಂದೆ ಅಪ್ಪ, ಅಮ್ಮ, ತಳ್ಳುಗಾಡಿಯಲ್ಲಿ ಹಳದಿ ಟೋಪಿಯ ಮಗು. ಇಪ್ಪತ್ತು ಹೆಜ್ಜೆ ಹಿಂದೆ ಚೀಲ ಹೊತ್ತ ಹೆಂಗಸು. ಮಗು ತಿರುಗಿದರೆ ಅವರು ಕಂಬದ ಮರೆಗೆ ಸರಿಯಬೇಕು, ಇಲ್ಲವೇ ಅಂಗಡಿಯ ಗಾಜಿಗೆ ಮುಖಮಾಡಿ ನಿಲ್ಲಬೇಕು. ಫೋನಿಗೆ ಮೆಸೇಜು ಬರುತ್ತಿತ್ತು: ಚಡ್ಡಿ ಬೇಕು, ನೀರು ಬೇಕು. ಆಗ ಹತ್ತಿರದ ಬೆಂಚಿನ ಮೇಲೆ ಬೇಕಾದ್ದನ್ನಿಟ್ಟು ದೂರ ಸರಿಯುವುದು. ಶಿಶಿರ್ ಬಂದು ಎತ್ತಿಕೊಂಡು ಹೋಗುವುದು. ದೊಡ್ಡ ಚರ್ಚು, ಹಳೆಯ ಕೋಟೆಬಾಗಿಲು, ಬೀದಿಯುದ್ದಕ್ಕೂ ಕಿತ್ತಳೆ ಮರ, ಎಲ್ಲ ಇದ್ದವು. ವಸಂತಿಯವರು ಕಂಡದ್ದು ಒಂದು ಹಳದಿ ಟೋಪಿ.

ಮಧ್ಯಾಹ್ನ ನದಿಯೊಳಗಿನ ಉದ್ಯಾನಕ್ಕೆ ಹೋದರು. ಹಿಂದೊಮ್ಮೆ ನೆರೆ ಬಂದು ಊರು ಮುಳುಗಿದ ಮೇಲೆ ಅಲ್ಲಿಯ ಜನ ನದಿಯನ್ನೇ ಊರ ಹೊರಗೆ ತಿರುಗಿಸಿ, ಒಣಗಿದ ಪಾತ್ರದಲ್ಲಿ ಮರ ನೆಟ್ಟಿದ್ದಾರೆ. ಸೇತುವೆಗಳು ಹಾಗೇ ಇವೆ, ಕೆಳಗೆ ಮಕ್ಕಳ ಜಾರುಬಂಡಿ. ವಸಂತಿಯವರು ಸೇತುವೆಯ ಕಂಬದ ಪಕ್ಕದ ಮರದ ಹಿಂದೆ ನಿಂತರು.

ಇಂದು ಜಾರುಬಂಡಿಯಿಂದ ಬಿದ್ದಳು. ಮೊಣಕಾಲು ತರಚಿತು. ತೃಪ್ತಿ ಓಡಿ ಬಂದು ಎತ್ತಿಕೊಂಡಳು. ಮಗು ಒದ್ದುಕೊಂಡು ಕೆಳಗಿಳಿಯಿತು.

"ಅಮ್ಮಮ್ಮ ಆ ಮರದ್ ಹಿಂದೆ ಇದ್ರ್," ಎಂದಿತು. ಬೆಳಗ್ಗಿನಿಂದಲೂ ಅದಕ್ಕೆ ಗೊತ್ತಿತ್ತು.

ಓಡಿ ಬಂದು ವಸಂತಿಯವರ ಸೀರೆಗೆ ಮುಖ ಒತ್ತಿದ ಮೇಲಷ್ಟೇ ಅದು ಅತ್ತದ್ದು. ಬೆಂಚಿನಲ್ಲಿ ಕುಳಿತಿದ್ದ ಆ ಊರಿನ ಮುದುಕಿಯೊಬ್ಬಳು ತನ್ನ ಕರವಸ್ತ್ರ ಒದ್ದೆಮಾಡಿ ತಂದುಕೊಟ್ಟಳು. ಮಗುವಿನ ಗಲ್ಲ, ವಸಂತಿಯವರ ಗಲ್ಲ ಎರಡನ್ನೂ ಬೆರಳಿನಿಂದ ತೋರಿಸಿ, ಒಂದೇ ಥರ ಇವೆ ಎಂಬಂತೆ ಏನೋ ಹೇಳಿ ತಲೆದೂಗಿದಳು. ಆಮೇಲೆ ತೃಪ್ತಿಯ ಕಡೆ ಕೈಮಾಡಿ ಒಂದು ಪ್ರಶ್ನೆ ಕೇಳಿದಳು. ಶಿಶಿರ್ ಫೋನಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದ.

"ನೀನು ಮಗುಗೆ ಏನಾಗ್ಬೇಕು ಅಂತ ಕೇಳ್ತಿದಾರೆ," ಎಂದು ನಕ್ಕ.

ತೃಪ್ತಿ ನಗಲಿಲ್ಲ.

ಮರುದಿನ ಬೆಳಗ್ಗೆ ಶಿಶಿರ್ ಬ್ರೆಡ್ ತರಲು ಕೆಳಗೆ ಹೋಗಿದ್ದ. ಮಗು ಇನ್ನೂ ಎದ್ದಿರಲಿಲ್ಲ. ಅಡುಗೆಮನೆಗೆ ಬಂದ ತೃಪ್ತಿ ಬಾಗಿಲು ಮುಂದೆಮಾಡಿ ನಿಂತಳು. ಅವಳ ಕಣ್ಣು ಕೆಂಪಗಿತ್ತು. ತನಗೆ ತನ್ನ ಮಗಳು ಬೇಕು ಎಂದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ವಸಂತಿಯವರಿಗೆ ಅದು ತಿಳಿಯಿತು. ತಿಳಿದದ್ದರಿಂದಲೇ ತಾವಾಗಿ ಹೇಳಿದರು: ಲಂಡನಿಗೆ ಹೋದಮೇಲೆ ನಾನು ಬರುವುದು ನಿಲ್ಲಿಸುತ್ತೇನೆ, ಸ್ವಲ್ಪ ದಿನದಲ್ಲಿ ಮಗು ಮರೆಯುತ್ತದೆ.

"ಇಲ್ಲ ಆಂಟಿ. ಹಾಗೆ ಹೋದ್ರೆ ನಿಮ್ಮನ್ನ ಹುಡುಕ್ತಾನೇ ಇರ್ತಾಳೆ. ಅವಳಿಗೇ ನೀವು ಬೇಡ ಅನ್ನಿಸ್ಬೇಕು."

"ಅದ್ ಹ್ಯಾಂಗೆ ಆತ್ತ್, ತೃಪ್ತಿಯವ್ರೆ?"

"ಮೊಲೆಹಾಲು ಬಿಡಿಸ್ವಾಗ ಬೇವಿನ ರಸ ಹಚ್ಚಲ್ವಾ? ಹಚ್ಕೊಳೋದು ತಾಯೀನೇ ತಾನೆ. ಬೇರೆಯವರು ಹಚ್ಚೋಕಾಗಲ್ಲ. ನಾನು ದೂರ ಮಾಡಿದ್ರೆ ನಾನ್ ಕೆಟ್ಟೋಳಾಗ್ತೀನಿ. ನೀವೇ ಮಾಡ್ಬೇಕು."

ವಸಂತಿಯವರು ಒಲೆಯ ಮೇಲಿನ ಹಾಲನ್ನೇ ನೋಡುತ್ತಿದ್ದರು. ತೃಪ್ತಿ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು. ಮಗು ತನ್ನ ಜೊತೆ ಹೊಂದಿಕೊಂಡರೆ, ಸೆಪ್ಟೆಂಬರಿನಿಂದ ಶಾಲೆ ಬಿಟ್ಟಮೇಲೆ ಮೂರರಿಂದ ಆರರವರೆಗೆ ಆಂಟಿಯೇ ನೋಡಿಕೊಳ್ಳಬಹುದು. ಇಲ್ಲದಿದ್ದರೆ ಬೇರೆ ದಾರಿಯಿಲ್ಲ, ಈ ಪ್ರವಾಸವೇ ಕೊನೆ.

ಮೂರರಿಂದ ಆರು. ದಿನಕ್ಕೆ ಮೂರು ತಾಸು. ಮಗುವಿಗೆ ತನ್ನ ಮೇಲೆ ಪ್ರೀತಿಯಿಲ್ಲದಿದ್ದರೂ ಕಣ್ಣಿಗಾದರೂ ಕಾಣುತ್ತದೆ ಎಂದು ವಸಂತಿಯವರು ಲೆಕ್ಕಹಾಕಿದರು. ಆಗಲಿ ಎಂದರು.

ಅದು ನಡೆದದ್ದು ಅದೇ ದಿನ ಹನ್ನೊಂದು ಗಂಟೆಗೆ, ಕಿತ್ತಳೆ ಮರಗಳಿದ್ದ ಒಂದು ಚೌಕದಲ್ಲಿ. ಶಿಶಿರ್ ಕಾಫಿಗೆಂದು ಸಾಲಿನಲ್ಲಿ ನಿಂತಿದ್ದ. ತೃಪ್ತಿ ಕಾರಂಜಿಯ ಕಟ್ಟೆಯ ಮೇಲೆ ಕುಳಿತು ಇವರ ಕಡೆ ನೋಡಿ, ಆಗಲಿ ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ವಸಂತಿಯವರ ಕಿರುಬೆರಳು ಇಂದುವಿನ ಮುಷ್ಟಿಯಲ್ಲಿತ್ತು. ಅವರು ಅದನ್ನು ಬಿಡಿಸಿಕೊಂಡರು.

"ನೀ ನಂಗ್ ಬ್ಯಾಡ. ಅಮ್ಮನ ಹತ್ರ ಹೋಗ್," ಎಂದರು.

ಇಂದು ನಕ್ಕಳು. ಹೊಸ ಆಟವೆಂದುಕೊಂಡು ನಾಲ್ಕು ಹೆಜ್ಜೆ ಓಡಿ, ತಿರುಗಿ ಬಂದು ಕಾಲು ತಬ್ಬಿದಳು. ವಸಂತಿಯವರು ತಬ್ಬಿದ ಕೈಗಳನ್ನು ಬಿಡಿಸಿ ದೂಡಿದರು. ಮಗು ಕುಂಡೆ ಊರಿ ಬಿತ್ತು. ಎದ್ದು ಮಣ್ಣು ಒರೆಸಿಕೊಂಡು, ಈ ಸಲ ನಗದೆ, ನಿಧಾನವಾಗಿ ಬಂತು. ತಾನು ಏನೋ ತಪ್ಪು ಮಾಡಿರಬೇಕೆಂದು ಅದಕ್ಕೆ ಅನ್ನಿಸಿತ್ತು. ಬಿದ್ದಿದ್ದ ಒಂದು ಕಿತ್ತಳೆಯೆಲೆಯನ್ನು ಹೆಕ್ಕಿ, ಸಮಾಧಾನ ಮಾಡುವವರ ಹಾಗೆ, ಅವರ ಕೈಗೆ ಕೊಡಲು ಚಾಚಿತು.

ಆಗ ವಸಂತಿಯವರು ಹೊಡೆದರು. ಕೆನ್ನೆಗೆ, ಅಂಗೈ ಪೂರ್ತಿ ತಾಗುವ ಹಾಗೆ. ಮೆತ್ತಗೆ ಹೊಡೆದರೆ ಮತ್ತೆ ಬರುತ್ತದೆ, ಮತ್ತೆ ಹೊಡೆಯಬೇಕಾಗುತ್ತದೆ ಎಂದು ಅವರಿಗೆ ಹೊಳೆದಿತ್ತು. ಒಂದೇ ಸಲಕ್ಕೆ ಮುಗಿಯಲೆಂದು ಜೋರಾಗಿ ಹೊಡೆದರು.

ಮಗು ಅಳಲಿಲ್ಲ. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡುವವರೆಗೂ ಅವರ ಮುಖ ನೋಡಿತು. ಬಳಿಕ ಹಿಂದೆ ಹಿಂದೆ ಸರಿಯಿತು, ಬೆನ್ನು ತೃಪ್ತಿಯ ಮೊಣಕಾಲಿಗೆ ತಾಗುವ ತನಕ. ತೃಪ್ತಿ ಬಾಚಿ ಎತ್ತಿಕೊಂಡಳು. ಮಗು ಅವಳ ಕತ್ತಿನಲ್ಲಿ ಮುಖ ಹುದುಗಿಸಿ, ಆಗ ಅತ್ತಿತು.

ಕಾಫಿ ಹಿಡಿದು ಬಂದ ಶಿಶಿರ್ ಎಲ್ಲವನ್ನೂ ಕಂಡಿದ್ದ. ಬೆಳಗಿನ ಮಾತುಕತೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಲೋಟಗಳನ್ನು ಕಟ್ಟೆಯ ಮೇಲಿಟ್ಟು, ಕಿರುಚದೆ, ಒಂದೊಂದೇ ಮಾತು ಆಡಿದ. ಮೂರು ವರ್ಷದಿಂದ ಮನೆಯಲ್ಲಿ ಯಾರೂ ಇಲ್ಲದಾಗ ಇದೇ ನಡೆಯುತ್ತಿತ್ತಾ ಎಂದು ಕೇಳಿದ. ಮಗು ಅಷ್ಟು ಅಂಟಿಕೊಂಡಿದ್ದದ್ದು ಹೆದರಿಕೆಗಾ ಎಂದು ಕೇಳಿದ.

ವಸಂತಿಯವರು ತೃಪ್ತಿಯ ಕಡೆ ನೋಡಿದರು. ಅವಳ ಮುಖವೂ ಬಿಳಿಚಿತ್ತು. ಒಂದು ಮಾತು ಅವಳ ತುಟಿಯವರೆಗೆ ಬಂದಂತೆ ಕಂಡಿತು. ಅಷ್ಟರಲ್ಲಿ ಇಂದು ತಾಯಿಯ ಕತ್ತನ್ನು ಇನ್ನೂ ಬಿಗಿಯಾಗಿ ಹಿಡಿದಳು. ತೃಪ್ತಿ ಕಣ್ಣುಮುಚ್ಚಿ ಆ ತಲೆಯ ಮೇಲೆ ಗಲ್ಲವೂರಿದಳು.

"ಹೊಡೀರಿ ಅಂತ ನಾನ್ ಹೇಳಿರ್ಲಿಲ್ಲ, ಆಂಟಿ," ಎಂದಳು.

ಅದು ನಿಜವೇ ಆಗಿತ್ತು.

"ಪೊಲೀಸಿಗೆ ಹೇಳಲ್ಲ ನಾವು. ಅಷ್ಟಕ್ಕೇ ಸಂತೋಷಪಡಿ," ಎಂದ ಶಿಶಿರ್.

ವಸಂತಿಯವರಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ಮಗು ತಾಯಿಯ ಹೆಗಲ ಮೇಲೆ ಬಿಕ್ಕುತ್ತ ಬಿಕ್ಕುತ್ತ ನಿದ್ದೆಹೋಗುತ್ತಿತ್ತು. ಮೂರು ವರ್ಷದಲ್ಲಿ ಅದು ಹಾಗೆ ಮಲಗಿದ್ದನ್ನು ಅವರು ಕಂಡಿರಲಿಲ್ಲ. ಈಗ ಬಾಯಿಬಿಟ್ಟರೆ ಗಂಡಹೆಂಡಿರಿಗೆ ಜಗಳವಾಗುತ್ತದೆ, ಮಗು ಎಚ್ಚರವಾಗುತ್ತದೆ, ಹೊಡೆದದ್ದೂ ವ್ಯರ್ಥವಾಗುತ್ತದೆ. ಅವರು ಚೀಲವನ್ನು ಕಟ್ಟೆಯ ಮೇಲಿಟ್ಟು ಚೌಕ ದಾಟಿ ಹೋದರು. ಹಿಂತಿರುಗುವ ಟಿಕೆಟು ಮರುದಿನದ್ದು. ಆ ರಾತ್ರಿಗೆ ಶಿಶಿರ್ ಅವರಿಗೆ ಬೇರೆ ಕೋಣೆ ಗೊತ್ತುಮಾಡಿಕೊಟ್ಟ.

ಗ್ಯಾಟ್ವಿಕ್‌ನಲ್ಲಿ ಸಾಮಾನು ಬರುವ ಜಾಗದಲ್ಲಿ ಇಂದು ಅವರನ್ನು ಕಂಡು ತಾಯಿಯ ಹಿಂದೆ ಅಡಗಿದಳು.

ಜೂನ್ ಕಳೆಯಿತು. ಕೆಲಸ ಹೋದದ್ದು ಯಾಕೆಂದು ಭಾನುವಾರದ ಫೋನಿನಲ್ಲಿ ದೀಕ್ಷಿತ್ ಕೇಳಿದ. ಮಗು ದೊಡ್ಡದಾಯಿತು ಎಂದರು. ಕಿಂಗ್ಸ್‌ಬರಿಯ ಬೇರೆ ಮನೆಗಳಲ್ಲಿ ವಿಚಾರಿಸಿದರು. ಎರಡು ಕಡೆ ಬರಹೇಳಿ, ಆಮೇಲೆ ಬೇಡವೆಂದರು. ಮಾತು ಅಲ್ಲಿಗೂ ಮುಟ್ಟಿತ್ತು. ಈಗ ಅವರು ಕ್ರೋಯ್ಡನ್‌ನ ಒಂದು ಆಫೀಸು ಕಟ್ಟಡದಲ್ಲಿ ನೆಲ ಒರೆಸುತ್ತಾರೆ. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು.

ಜುಲೈಯ ಒಂದು ಸಂಜೆ, ಮನೆಗೆ ಮರಳುವಾಗ, ತೃಪ್ತಿಯ ಮೆಸೇಜು ಬಂತು. ಇಂದುವಿಗೆ ಎರಡು ದಿನದಿಂದ ಜ್ವರ. ಔಷಧಿ ಬಾಯಿಗಿಟ್ಟರೆ ಉಗುಳುತ್ತಾಳೆ. ನೀವು ಹೇಗೆ ಕುಡಿಸುತ್ತಿದ್ದಿರಿ, ದಯವಿಟ್ಟು ಹೇಳಿ.

ವಸಂತಿಯವರಿಗೆ ಫೋನಿನಲ್ಲಿ ಟೈಪ್ ಮಾಡುವುದು ನಿಧಾನ. ಅವರು ರೇನರ್ಸ್ ಲೇನ್ ನಿಲ್ದಾಣದ ಬೆಂಚಿನಲ್ಲಿ ಕುಳಿತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಮಾತಾಡಿ ಕಳಿಸಿದರು. ಚಮಚ ಬೇಡ, ಪುಟ್ಟ ಲೋಟದಲ್ಲಿ ಹಾಕಿ. ಮೊದಲು ಗೊಂಬೆಗೆ ಕುಡಿಸಿದ ಹಾಗೆ ಮಾಡಿ. ಆಮೇಲೆ ಕೇಳಬೇಡಿ, ಒತ್ತಾಯವೂ ಬೇಡ, ಲೋಟ ಅಲ್ಲೇ ಇಟ್ಟು ಬೇರೆ ಕಡೆ ನೋಡಿ, ಅವಳೇ ಕುಡಿಯುತ್ತಾಳೆ. ಹಣೆಗೆ ಒದ್ದೆಬಟ್ಟೆ ಹಾಕುವಾಗ ನೀರು ತೀರಾ ತಣ್ಣಗಿರಬಾರದು. ಎರಡು ನಿಮಿಷದ ಮಾತು. ಕೊನೆಗೆ, ತಡೆಯಲಾಗದೆ, ಮಗುವಿಗೆಂದು 'ಅಪ್ಪೀ, ಬೇಗ ಗುಣ ಆಯ್ಕ್ ಹ್ಞಾಂ' ಎಂದು ಸೇರಿಸಿದರು.

ಉತ್ತರ ಬರಲು ಹತ್ತು ನಿಮಿಷವಾಯಿತು. ಎರಡು ರೈಲು ಬಂದುಹೋದವು.

'ದಯವಿಟ್ಟು ಬರೆದು ಕಳಿಸಿ ಆಂಟಿ. ಪೂರ್ತಿ ಕೇಳಿಸಿಕೊಳ್ಳಲು ಆಗಲಿಲ್ಲ. ನಿಮ್ಮ ದನಿ ಕೇಳಿದ್ದೇ ಮಂಚದ ಕೆಳಗೆ ಹೋಗಿ ಕೂತಿದ್ದಾಳೆ.'

ವಸಂತಿಯವರು ಕನ್ನಡಕ ಹಾಕಿಕೊಂಡರು. ಒಂದು ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, 'ಚಮಚ ಬೇಡ' ಎಂದು ಬರೆಯತೊಡಗಿದರು.