ಶಂಕ್ರೆಪ್ಪ ಕಾಕಾನ ಹೆಬ್ಬೆರಳಿನ ವಾಯಿದೆ

ಶಂಕ್ರೆಪ್ಪ ಕಾಕಾನ ಬಲಗಾಲಿನ ಹೆಬ್ಬೆರಳಿಗೆ ಧಾರವಾಡದ ಡಾಕ್ಟರು ಹದಿನಾಲ್ಕು ದಿನದ ವಾಯಿದೆ ಕೊಟ್ಟಿದ್ದರು. ಅದರಲ್ಲಿ ಆರು ದಿನ ನಾನು ಹಾಳು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಚಲೋ. ಇಲ್ಲದಿದ್ದರೆ ನಡುವೆ ಎಲ್ಲೋ ನನ್ನನ್ನು ನಾನೇ ಪಾರು ಮಾಡಿಕೊಳ್ಳುವ ಆಸೆ ಬಂದೀತು.

ನಾನು ಗೌರೀಶ. ಊರು ತೊರಗಲ್. ಸವದತ್ತಿ ಬಸ್ ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತೇನೆ. ಓದಿದ್ದು ಬಿ.ಎ., ಅದರಲ್ಲೂ ಒಂದು ವಿಷಯ ಇನ್ನೂ ಬಾಕಿ. ಔಷಧದ ವಿದ್ಯೆ ಓದಿದವರು ಮಾಲೀಕರಾದ ವಿರೂಪಾಕ್ಷಣ್ಣ. ನಾನು ಕಪಾಟಿನಿಂದ ಡಬ್ಬಿ ತೆಗೆದುಕೊಡುವವ. ಆದರೆ ಅಂಗಡಿಯ ಬಿಳಿ ಕೋಟು ಹಾಕಿಕೊಂಡ ಮೇಲೆ ಹಳ್ಳಿಯಿಂದ ಬಂದವರು, "ಡಾಕ್ಟ್ರ, ಈ ಗುಳಿಗಿ ಊಟಕ್ಕ ಮೊದಲೋ, ಆಮ್ಯಾಲೋ?" ಎಂದು ಕೇಳತೊಡಗಿದರು. ಮೊದಲ ತಿಂಗಳು 'ನಾ ಡಾಕ್ಟರ್ ಅಲ್ರಿ' ಎಂದು ತಿದ್ದಿದೆ. ಎರಡನೇ ತಿಂಗಳಿಂದ ಬರೇ ಉತ್ತರ ಕೊಟ್ಟೆ. ವಿರೂಪಾಕ್ಷಣ್ಣ ಒಮ್ಮೆ ಅದನ್ನು ಕೇಳಿಸಿಕೊಂಡು, "ಲೇ, ನೀ ಗುಳಿಗಿ ಕೊಡು. ಬುದ್ಧಿ ಕೊಡಬ್ಯಾಡ" ಎಂದಿದ್ದರು. ಆ ಮಾತನ್ನೂ ಕಪಾಟಿನಲ್ಲಿಟ್ಟು ಮರೆತಿದ್ದೆ.

ನಾನು ಬಾಡಿಗೆಗೆ ಇರುವುದು ಶಂಕ್ರೆಪ್ಪ ಕಾಕಾನ ಮನೆಯ ಹೊರಕೋಣೆಯಲ್ಲಿ. ಕಾಕಾ ಲೈನ್‌ಮನ್. ಮೂವತ್ತೊಂದು ವರ್ಷದಿಂದ ಕರೆಂಟಿನ ಕಂಬ ಹತ್ತುತ್ತಿದ್ದಾನೆ. ರಿಟೈರ್ ಆಗಲು ಇನ್ನೂ ನಾಲ್ಕು ವರ್ಷ ಇದೆ. ಆಗ ಏಣಿ ಕಂಡರೆ ಅವನಿಗೆ ನಗು ಬರುತ್ತಿತ್ತು. ಕಂಬದ ಬುಡದಲ್ಲಿ ಬೂಟು ಬಿಚ್ಚಿಟ್ಟು, ಬರಿಗಾಲಿನ ಹೆಬ್ಬೆರಳನ್ನು ಕಂಬದ ಸಂದಿಗೆ ಒತ್ತಿ, ಎರಡು ಜಿಗಿತಕ್ಕೆ ನಮ್ಮ ತಲೆಗಿಂತ ಮೇಲೆ ಹೋಗಿಬಿಡುತ್ತಿದ್ದ. ಸಕ್ಕರೆ ಕಾಯಿಲೆ ಬಂದು ಏಳು ವರ್ಷವಾಗಿತ್ತು. ಗುಳಿಗೆ ನುಂಗುತ್ತಿದ್ದ, ವರ್ಷಕ್ಕೊಮ್ಮೆ ತಪಾಸಣೆಗೆ ರಕ್ತ ಕೊಟ್ಟು ಬರುತ್ತಿದ್ದ.

ಕಳೆದ ಆಷಾಢದ ಒಂದು ಸಂಜೆ ಕಾಕಾ ಕಟ್ಟೆಯ ಮೇಲೆ ಕುಂತು ಬೂಟು ಬಿಚ್ಚಿದ. ಕಾಲುಚೀಲ ರಕ್ತದಿಂದ ತೊಯ್ದು ತಪ್ಪಡಿಯಾಗಿತ್ತು. ಬೂಟಿನ ಅಟ್ಟೆಯಿಂದ ಮೊಳೆಯೊಂದು ಅರ್ಧ ಬೆರಳುದ್ದ ಮೇಲೆದ್ದಿತ್ತು. ಅವತ್ತು ಕಂಬ ಹತ್ತಿರಲಿಲ್ಲ, ಮುಂಜಾನೆಯಿಂದ ಬೂಟು ಬಿಚ್ಚದೆ ಅದನ್ನು ತುಳಿದುಕೊಂಡೇ ಅಡ್ಡಾಡಿದ್ದ.

ಹೆಂಡತಿ ಸುಂದರವ್ವ ಕಾಕು ಚೀರಿದಳು. "ಅಯ್ಯ ಶಿವನ! ನೋವ ಆಗಲಿಲ್ಲೇನ್ರಿ?"

"ಆಗಿದ್ರ ಹೇಳತಿದ್ದಿಲ್ಲೇನ?" ಎಂದ ಕಾಕಾ. ಹೆಬ್ಬೆರಳನ್ನು ಉಗುರಿನಿಂದ ಚುಚ್ಚಿ ನೋಡಿಕೊಂಡ. ರಕ್ತಕ್ಕಿಂತ ಆ ಮಾತು ನಮ್ಮನ್ನು ಹೆದರಿಸಿತು. ಬೆರಳು ಅಲ್ಲೇ ಇತ್ತು, ಆದರೆ ಸುದ್ದಿ ಕಳಿಸುವುದನ್ನು ಬಿಟ್ಟಿತ್ತು.

ನಾಲ್ಕೈದು ದಿನ ಮನೆಯ ಮುಲಾಮು ಹಚ್ಚಿ, ವಾಸನೆ ಬರತೊಡಗಿದ ಮೇಲೆ ನಾನೇ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆ. ಸಕ್ಕರೆ ಮುನ್ನೂರಾ ನಲವತ್ತಾರು ಇತ್ತು. ಡಾಕ್ಟರು ಗಾಯ ತೊಳೆದು, ಇಂಜೆಕ್ಷನ್ ಶುರು ಮಾಡಿ, ನೇರವಾಗಿ ಹೇಳಿದರು: "ಸಕ್ಕರಿ ಇಳದ್ರ ಗಾಯ ಮಾಯತದ. ಹದಿನಾಲ್ಕು ದಿನ ನೋಡೋಣ. ಇಳೀಲಿಲ್ಲಂದ್ರ ಬೆರಳು ತೆಗೀಬೇಕು. ಬಿಟ್ರ ಅದು ಪಾದಕ್ಕ ಹಬ್ಬತದ."

ಕಾಕಾ ಕೇಳಿದ್ದು ಒಂದೇ. "ಹೆಬ್ಬೆರಳು ಹೋದ್ರ ಕಂಬ ಹತ್ತಾಕ ಬರತೈತೇನ್ರಿ ಸಾಹೇಬ್ರ?"

ಡಾಕ್ಟರು ತಲೆ ಅಡ್ಡಡ್ಡ ಆಡಿಸಿ ಚೀಟಿ ಬರೆದರು. ಬರುವಾಗ ಬಸ್ಸಿನಲ್ಲಿ ಕಾಕಾ ಹೊರಗಿನ ಕಂಬಗಳನ್ನೇ ನೋಡುತ್ತಿದ್ದ. "ಆಫೀಸಿನ್ಯಾಗ ಕುಂಡರಸ್ತಾರ. ಫೋನ್ ಎತ್ತೂದು, 'ಕರೆಂಟ್ ಯಾವಾಗ ಬರತೈತಿ' ಅಂತ ಮಂದಿ ಕಡೆ ಬೈಸ್ಕೊಳ್ಳೂದು. ಕಂಬದ ಮ್ಯಾಲಿನವರಿಗೆ ಬೈಗುಳ ಕೇಳಸೂದಿಲ್ಲ ನೋಡು, ಅದೊಂದ ಸುಖ ಇತ್ತು."

ಆಸ್ಪತ್ರೆಯವರು ಏನು ತಿನ್ನಬೇಕು ಅನ್ನುವ ಅಚ್ಚಿನ ಹಾಳೆಯೊಂದನ್ನು ಕೊಟ್ಟಿದ್ದರು. ಅದರಲ್ಲಿದ್ದ ಅರ್ಧ ಪದಾರ್ಥ ನಮ್ಮ ಸಂತೆ ಇನ್ನೂ ಕಂಡಿರಲಿಲ್ಲ. ಕಾಕು ಹಾಳೆಯನ್ನು ನನ್ನ ಕೈಗಿತ್ತು, "ನೀ ಔಷಧಿ ಅಂಗಡ್ಯಾಂವ, ನೀನ ಹೇಳಪಾ" ಎಂದಳು. ಆ ಒಂದು ಮಾತಿಗೆ ನನ್ನ ಬಿಳಿ ಕೋಟು ಮೈಮೇಲೆ ಇಲ್ಲದಿದ್ದರೂ ಉಬ್ಬಿತು.

"ಸಕ್ಕರಿ, ಬೆಲ್ಲ, ಅನ್ನ ಪೂರ್ತಿ ಬಂದ್," ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. "ರೊಟ್ಟಿನೂ ಬ್ಯಾಡ, ಜಡ ಆಗತೈತಿ. ಮುಂಜಾನಿ, ರಾತ್ರಿ ಚುರಮುರಿ ಕೊಡ್ರಿ."

ಯಾಕೆ ಹಾಗೆ ಹೇಳಿದೆ? ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ರೊಟ್ಟಿ ಬಂದ್, ಚುರಮುರಿ ಚಾಲೂ. ನನಗೆ ಜ್ವರ ಬಂದಾಗ ಅವ್ವ ಕೊಟ್ಟಿದ್ದು ಅದೇ. ಬಾಣಂತಿಯ ತಲೆದಿಂಬಿನ ಬಳಿ ಅದೇ, ಆಸ್ಪತ್ರೆಗೆ ನೋಡಲು ಬಂದವರ ಚೀಲದಲ್ಲೂ ಅದೇ. ರೋಗಿ ಅಂದರೆ ಚುರಮುರಿ; ಅದಕ್ಕೆ ಯಾರೂ ಕಾರಣ ಕೇಳಿದವರಲ್ಲ. ಕಾಕು ತಲೆಯಾಡಿಸಿ ಅಕ್ಕಿಯ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ನಾನೇ ಅಂಗಡಿಯಿಂದ ಬರುವಾಗ ದೊಡ್ಡ ಚೀಲ ಚುರಮುರಿ ಹೊತ್ತು ತಂದೆ. ಅದು ಹೊಟ್ಟೆ ತುಂಬಿಸುವ ಪದಾರ್ಥ ಅಲ್ಲವಲ್ಲ, ಕಾಕಾ ಹೊತ್ತಿಗೊಂದು ಬೋಗುಣಿ ಖಾಲಿ ಮಾಡುತ್ತಿದ್ದ.

ದಿನಾ ಮುಂಜಾನೆ ಅಂಗಡಿಯ ಮಷೀನಿನಿಂದ ಅವನ ಕೈಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದೆ. ಎರಡನೇ ದಿನ ಇನ್ನೂರಾ ಅರವತ್ತೆಂಟು. ನಾಲ್ಕನೇ ದಿನ ಇನ್ನೂರಾ ತೊಂಬತ್ತೊಂದು. ಆರನೇ ದಿನ ಮುನ್ನೂರಾ ಹದಿನೆಂಟು. ಪಟ್ಟಿ ಬಿಚ್ಚಿದಾಗ ಹೆಬ್ಬೆರಳಿನ ತುದಿ ಕರ್ರಗೆ ತಿರುಗುತ್ತಿತ್ತು. ಕಾಕು ನೋಡಲಾರದೆ ಒಳಗೆ ಹೋದಳು. ಉಳಿದದ್ದು ಎಂಟು ದಿನ.

ನನ್ನ ತಲೆಗೆ ಹೊಳೆದದ್ದು ಒಂದೇ: ಕಾಕಾ ಕದ್ದು ಸಿಹಿ ತಿನ್ನುತ್ತಿದ್ದಾನೆ. ನಾನು ತಪ್ಪಿರಬಹುದು ಅನ್ನುವುದು ಆ ತಲೆಯ ಹತ್ತಿರವೂ ಸುಳಿಯಲಿಲ್ಲ. ಅವನು ಕುಂಟುತ್ತ ಓಣಿಯ ಚಹಾದಂಗಡಿಗೆ ಹೋದರೆ ಹಿಂದೆ ಹೋಗಿ ಇಣುಕಿದೆ. ಸ್ನಾನಕ್ಕೆ ಹೋದಾಗ ಅವನ ಅಂಗಿಯ ಜೇಬು ತಡಕಿದೆ. ಅಡಿಕೆಯ ಚೂರು ಸಿಕ್ಕಿತು, ಹಲ್ಲುಕಡ್ಡಿ ಸಿಕ್ಕಿತು, ಬೆಲ್ಲ ಸಿಗಲಿಲ್ಲ. ಹಿಂದೆ ತಿರುಗಿದರೆ ಕಾಕಾ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನ್ ಸಿಕ್ತೋ ಡಾಕ್ಟ್ರ?"

ನಾನು ಗಟ್ಟಿಯಾಗೇ ನಿಂತೆ. "ಕಾಕಾ, ಖರೆ ಹೇಳ್ರಿ. ಹೊರಗ ಏನ್ ತಿನ್ನಾಕ ಹತ್ತೀರಿ?"

ಒಳಗಿನಿಂದ ಕಾಕುನೂ ಬಂದಳು. "ಹೇಳ್ರಿ ಒಮ್ಮೆ. ನಿಮ್ಮ ಕಾಲ ಐತದು, ನಮ್ಮದಲ್ಲ."

ಕಾಕಾ ಸಿಟ್ಟಾಗಲಿಲ್ಲ. ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕುಂತ. ಮೂವತ್ತೊಂದು ವರ್ಷ ಕಂಬ ಹತ್ತಿದ ಮನುಷ್ಯನಿಗೆ ನೆಲಕ್ಕೆ ಕೂರಲು ಅಷ್ಟು ಹೊತ್ತು ಹಿಡಿದದ್ದು ನೋಡಿ ನನ್ನ ಗಟ್ಟಿತನ ಅರ್ಧ ಇಳಿಯಿತು.

"ಸುಂದ್ರವ್ವಾ, ನಾ ಏನೂ ತಿಂದಿಲ್ಲ. ನಂಬೂದು ಬಿಡೂದು ನಿಂದು." ಆಮೇಲೆ ನನ್ನ ಕಡೆ ತಿರುಗಿದ. "ಗೌರೀಶಾ, ಲೈನಿನ್ಯಾಗ ಫಾಲ್ಟ್ ಆದ್ರ ನಾವು ಯಾರ ಕಿಸೇನೂ ತಡಕೂದಿಲ್ಲ. ಒಂದೊಂದ ಕವಲು ಬಿಚ್ಚತೇವಿ, ಚಾಲೂ ಮಾಡಿ ನೋಡತೇವಿ. ಎಲ್ಲಿ ಫ್ಯೂಜ್ ಹಾರತೈತಿ, ಅಲ್ಲೇ ಫಾಲ್ಟ್. 'ಲೈನ್ ಬಂದ್ ಐತಿ' ಅಂತ ಸಾಕ್ಷಾತ್ ಸಾಹೇಬರ ಹೇಳಿದ್ರೂ ಟೆಸ್ಟರ್ ಹಚ್ಚದ ತಂತಿ ಮುಟ್ಟೂದಿಲ್ಲ. ಅದಕ್ಕ ಬದುಕೇನಿ. ನೀ ಆರು ದಿನದಿಂದ ಟೆಸ್ಟರ್ ಹಚ್ಚೂದು ಬರೇ ಮುಂಜಾನಿ ಒಮ್ಮೆ. ಅದರಾಗ ಯಾವ ಕವಲು ಅಂತ ಹೆಂಗ ಗೊತ್ತಾಗಬೇಕು?"

ಏಳನೇ ದಿನ ರವಿವಾರ, ಅಂಗಡಿಗೆ ರಜೆ. ಕಾಕಾನ ಲೆಕ್ಕ ಸರಳವಾಗಿತ್ತು. ಗುಳಿಗೆ, ಇಂಜೆಕ್ಷನ್ ಡಾಕ್ಟರು ಹೇಳಿದ ಹೊತ್ತಿಗೆ, ಅದರಲ್ಲಿ ಏನೂ ಬದಲಿಲ್ಲ. ತಿನ್ನುವ ಮೊದಲು ಒಮ್ಮೆ ಚುಚ್ಚುವುದು, ತಿಂದು ಎರಡು ತಾಸಿಗೆ ಮತ್ತೊಮ್ಮೆ ಚುಚ್ಚುವುದು. ನಡುವೆ ಒಂದು ಚೂರು ಅಡಿಕೆ ಕೂಡ ಇಲ್ಲ.

"ಮೊದಲು ರೊಟ್ಟಿ," ಎಂದ.

"ರೊಟ್ಟಿ ಬ್ಯಾಡ ಕಾಕಾ, ಇದ್ದದ್ದೂ ಏರತೈತಿ!" ನಾನು ಅಡ್ಡ ನಿಂತೆ.

"ಏರಲಿ. ಏರಿದ್ರ ಗೊತ್ತಾತಲ್ಲ."

ಮುಂಜಾನೆ ಮುನ್ನೂರಾ ಎರಡು ಇತ್ತು. ಕಾಕು ಎರಡು ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಿಡಿ ಹಸಿ ಮೆಂತ್ಯೆ, ಉಳ್ಳಾಗಡ್ಡಿ ಕೊಟ್ಟಳು. ಆರು ದಿನದ ಮೇಲೆ ರೊಟ್ಟಿ ಕಂಡ ಕಾಕಾ ಚೂರೂ ಉಳಿಸದೆ ತಿಂದ. ಎರಡು ತಾಸು ಗಡಿಯಾರ ನೋಡುತ್ತ ಮೂವರೂ ಕುಂತೆವು. ನನ್ನ ಮನಸ್ಸಿನಲ್ಲಿ, ಹೇಳಲು ನಾಚಿಕೆ, ಅದು ಏರಲಿ ಅನ್ನುವ ಆಸೆ ಇತ್ತು. ಮುನ್ನೂರಾ ಮೂವತ್ತನಾಲ್ಕು ತೋರಿಸಿತು. ಏರಿದ್ದು ಮೂವತ್ತೆರಡು.

ಮಧ್ಯಾಹ್ನ ಎರಡಕ್ಕೆ ಮತ್ತೆ ನೋಡಿದೆವು: ಇನ್ನೂರಾ ಐವತ್ತೇಳು. "ಈಗ ನಿನ್ನ ಚುರಮುರಿ," ಎಂದ ಕಾಕಾ. ದಿನಾ ತಿನ್ನುವ ಅದೇ ಬೋಗುಣಿ, ಅದೇ ಒಗ್ಗರಣೆ. ಆ ಎರಡು ತಾಸಿನಲ್ಲಿ ನಾನು ನಾಲ್ಕು ಸಲ ಹೊರಗೆ ಹೋಗಿ ಬಂದೆ. ಕಾಕು ಜೋಳ ಹಸನು ಮಾಡುತ್ತ ತಲೆ ಎತ್ತಲಿಲ್ಲ. ನಾಲ್ಕು ಗಂಟೆಗೆ ಕಾಕಾನ ಬೆರಳು ಚುಚ್ಚಿದೆ.

ಮುನ್ನೂರಾ ಎಂಬತ್ತೆಂಟು.

ಮಷೀನು ಕೆಟ್ಟಿರಬೇಕು ಎಂದೆ. ಇನ್ನೊಂದು ಬೆರಳು ಚುಚ್ಚಿದೆ. ಮುನ್ನೂರಾ ಎಂಬತ್ತೊಂದು. ರೊಟ್ಟಿಗೆ ಮೂವತ್ತೆರಡು ಏರಿದ್ದು, ಚುರಮುರಿಗೆ ನೂರರ ಮೇಲೆ ಏರಿತ್ತು.

ಕಾಕು ಎದ್ದು ಬೋಗುಣಿಯ ತಳದಲ್ಲಿ ಉಳಿದದ್ದನ್ನು ಅಂಗೈಗೆ ಸುರುವಿಕೊಂಡಳು. ನಾಲ್ಕು ಕಾಳು ಚುರಮುರಿ, ಒಂದು ಸಾಸಿವೆ, ಒಂದು ಭತ್ತದ ಹೊಟ್ಟು. ಆ ಹೊಟ್ಟನ್ನು ಬೆರಳಿನಿಂದ ಎತ್ತಿ ನನಗೆ ತೋರಿಸಿದಳು.

"ಗೌರೀಶಾ, ಚುರಮುರಿ ಅಂದ್ರ ಅಕ್ಕಿ ಅಲ್ಲೇನೋ?"

ಇದು ಸಣ್ಣ ಕೂಸಿಗೂ ಗೊತ್ತಿರುವ ಸಂಗತಿ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಟ್ಟಕ್ಕೆ ಏರಿಸಿದ ಅಕ್ಕಿಯನ್ನೇ ನಾನು ಉಬ್ಬಿಸಿದ ರೂಪದಲ್ಲಿ ಚೀಲಗಟ್ಟಲೆ ಹೊತ್ತು ತಂದಿದ್ದೆ. ತಂದು, ತಿನ್ನಿಸಿ, ಮೇಲೆ ಅವನ ಜೇಬು ತಡಕಿದ್ದೆ.

"ಕಾಕಾ..." ಎಂದೆ.

"ಸುಮ್ನಿರು. ಫಾಲ್ಟ್ ಸಿಕ್ತು. ಅತ್ತರ ಕರೆಂಟ್ ಬರೂದಿಲ್ಲ," ಎಂದ ಕಾಕಾ. ಆದರೆ ನನ್ನ ಮುಖ ನೋಡಲಿಲ್ಲ. ಆ ರಾತ್ರಿಯೂ ನೋಡಲಿಲ್ಲ, ಮರುದಿನವೂ.

ಸೋಮವಾರ ವಿರೂಪಾಕ್ಷಣ್ಣಗೆ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಧಾರವಾಡಕ್ಕೆ ಫೋನ್ ಹಚ್ಚಿ ಕೈಗೆ ಕೊಟ್ಟರು. ಬೈದದ್ದು ಡಾಕ್ಟರು. ಬೈದು, ಇಂಜೆಕ್ಷನ್ನಿನ ಅಳತೆ ಬದಲಿಸಿ, "ಈಗ ತಿಂದು ಚುಚ್ಚಿ ನೋಡಾಕ ಹತ್ತೀರಲ್ಲ, ಹಂಗ ದಿನಾ ಬರದು ಇಡ್ರಿ" ಎಂದರು. ಬರೆಯುತ್ತ ಹೋದಂತೆ ರೊಟ್ಟಿಯೂ ಸಾಧು ಅಲ್ಲ ಅಂತ ತಿಳಿಯಿತು. ಎರಡು ರೊಟ್ಟಿಗೆ ಮೂವತ್ತರಷ್ಟು ಏರಿದ ಅಂಕಿ ನಾಲ್ಕು ರೊಟ್ಟಿಗೆ ಎಂಬತ್ತು ಏರಿತು. ಸಕ್ಕರೆ ಇಲ್ಲದ ಚಹಾ ಏನೂ ಮಾಡಲಿಲ್ಲ, ಅದರ ಜೊತೆ ಅದ್ದಿದ ಮೂರು ಟೋಸ್ಟು ಮಾಡಿದವು. ಮೊದಲು ಕಾಳು, ಸೊಪ್ಪು ತಿಂದು ಆಮೇಲೆ ರೊಟ್ಟಿ ಮುರಿದರೆ ಏರುವುದು ಕಡಿಮೆ. ಇದು ಕಾಕಾನ ಮೈಯ ಲೆಕ್ಕ. ಇನ್ನೊಬ್ಬರದ್ದು ಹೀಗೇ ಇರುತ್ತದೆ ಅಂತ ಹೇಳುವ ಧೈರ್ಯ ನನಗೆ ಇನ್ನು ಈ ಜನ್ಮದಲ್ಲಿಲ್ಲ.

ಮುಂಜಾನೆಯ ಅಂಕಿ ಇಳಿಯತೊಡಗಿತು. ಇನ್ನೂರಾ ನಲವತ್ತೊಂದು. ಇನ್ನೂರಾ ಹನ್ನೆರಡು. ಹದಿಮೂರನೇ ದಿನ ನೂರಾ ಎಪ್ಪತ್ತೆಂಟು. ಗಾಯದ ಬುಡದಲ್ಲಿ ಕೆಂಪು ಕಂಡಿತು. ತುದಿಯ ಕಪ್ಪು ಮಾತ್ರ ಹೋಗಲಿಲ್ಲ.

ಹದಿನಾಲ್ಕನೇ ದಿನ ಡಾಕ್ಟರು ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. "ಕೆಳಗಿಂದು ಉಳೀತು. ಉಗುರಿನ ಗಂಟಿನ ತನಕ ತೆಗೀಬೇಕು. ಮೊದಲಿನ ವಾರ ಚುರಮುರಿ ತಿನ್ನಾಕ ಹೇಳಿದ್ದು ಯಾರು?"

ಕಾಕಾ ಹೇಳಿದ, "ಏನೋ ಒಂದ್ ಫಾಲ್ಟ್ ಇತ್ರಿ ಸಾಹೇಬ್ರ. ಸಿಕ್ಕೈತಿ."

ಅಲ್ಲಿಗೆ ಬಿಡಬಹುದಿತ್ತು. ಅವನು ನನ್ನ ಹೆಸರು ಹೇಳಿರಲಿಲ್ಲ. "ಫಾಲ್ಟ್ ನಾನ ರೀ," ಎಂದೆ. "ಫೋನಿನ್ಯಾಗ ಬೈಸ್ಕೊಂಡಾಂವ." ಡಾಕ್ಟರು ನನ್ನನ್ನು ನೋಡಿದರು. ಏಳು ದಿನದ ಮೇಲೆ ಕಾಕಾನೂ ನೋಡಿದ.

ಅರ್ಧ ಹೆಬ್ಬೆರಳಿನಲ್ಲಿ ಕಂಬದ ಸಂದಿ ಹಿಡಿಯಲು ಬರುವುದಿಲ್ಲ. ಆದರೆ ನಿಲ್ಲಲು ಬರುತ್ತದೆ, ನಡೆಯಲು ಬರುತ್ತದೆ. ಮೂರು ತಿಂಗಳ ಮೇಲೆ ಡಾಕ್ಟರ ಚೀಟಿ ಹಿಡಿದು ಕೆಲಸಕ್ಕೆ ಹೋದ ಕಾಕಾಗೆ ಆಫೀಸಿನವರು ಕುರ್ಚಿ ತೋರಿಸಿದರು. ಎರಡು ದಿನ ಕುಂತ. ಮೂರನೇ ದಿನ ಏಣಿ ಕೇಳಿದ. ಬಿಗಿಯಾಗದ ಬೂಟು ಹಾಕಿಕೊಂಡು, ದಿನಾ ಅದರೊಳಗೆ ಕೈ ಆಡಿಸಿ ನೋಡಿ, ಏಣಿ ಹಚ್ಚಿ ಹತ್ತುತ್ತಾನೆ. ಮೊದಲು ಏಣಿ ಹತ್ತುವವರಿಗೆ ಅವನೇ ನಗುತ್ತಿದ್ದ. ಈಗ ಅವರು ಅವನಿಗೆ ನಗುತ್ತಾರೆ. ಅದು ಮೇಲೆ ಕೇಳಿಸುವುದಿಲ್ಲವಂತೆ.

ಹೋದ ರವಿವಾರ ನಮ್ಮ ಓಣಿಯ ಕಂಬದಲ್ಲಿ ತಂತಿ ಸಡಿಲಾಗಿತ್ತು. ಜೊತೆಗಾರ ಬರಲು ತಡವಾಯಿತು. ಕಾಕಾ ನನ್ನನ್ನು ಕರೆದು, "ಬಾ ಇಲ್ಲಿ, ಏಣಿ ಹಿಡಿ" ಎಂದ. ಎರಡೂ ಕೈಯಿಂದ ಹಿಡಿದೆ, ಎದೆಯನ್ನೂ ಆನಿಸಿದೆ.

"ಹತ್ರಿ ಕಾಕಾ. ಕರೆಂಟ್ ಸ್ಟೇಶನ್ನಿಗೆ ಫೋನ್ ಮಾಡಿ ಕೇಳೇನಿ, ಲೈನ್ ಬಂದ್ ಐತಿ."

ಕಾಕಾ ಎರಡನೇ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ.

"ಯಾರು ಹೇಳೂದು, ನೀನ?"

"ಹೂಂ ರಿ."

"ಹಂಗಾದ್ರ ಆ ಟೆಸ್ಟರ್ ಕೊಡು ಮೊದಲು," ಎಂದು ಕೈ ಚಾಚಿದ.